ಮಲೆನಾಡಿನ ಕುಲುಮೆಯೂ ಕೂಟಸ್ಥಶಬ್ದವೂ

ವೇದಾಂತಪಾಠದಲ್ಲಿ ‘ಕೂಟಸ್ಥ’ವೆಂಬ ಶಬ್ದವೂ ‘ತಪ್ತಾಯಃಪಿಂಡ’ವೆಂಬ ದೃಷ್ಟಾಂತವೂ ವಿದ್ಯಾರ್ಥಿದಶೆಯಿಂದಲೇ ನಮ್ಮ ಕಿವಿಗೆ ಬಿದ್ದಿರುವಂತಹವು. ಕಾದ ಕಬ್ಬಿಣದುಂಡೆಯನ್ನು ಕಂಡವನು ಅಗ್ನಿಧರ್ಮವಾದ ದಾಹಕತ್ವವನ್ನು ಕಬ್ಬಿಣದಲ್ಲಿಯೂ, ಕಬ್ಬಿಣದ ಧರ್ಮವಾದ ಗುಂಡಾಕಾರವನ್ನು ಅಗ್ನಿಯಲ್ಲಿಯೂ ಆರೋಪಿಸುವನೆಂಬುದು ಅಧ್ಯಾಸಕ್ಕೆ ಕೊಡುವ ಪ್ರಸಿದ್ಧವಾದ ನಿದರ್ಶನವು. ಇದನ್ನು ನಾನು ಇಪ್ಪತ್ತೈದು ವರ್ಷಗಳಿಗೆ ಮೇಲ್ಪಟ್ಟು ಪಾಠ ಹೇಳಿರುವೆನು. ಆದರೆ ಕಾದ ಕಬ್ಬಿಣವನ್ನು ಅದರ ಸ್ವಸ್ಥಾನವಾದ ಕುಲುಮೆಯಲ್ಲಿ ಕುಳಿತು ಒಂದು ಪ್ರಹರಕಾಲ ನೋಡಿದವನಲ್ಲ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬನು, “ಕೂಟವೆಂದರೆ ಸುತ್ತಿಗೆಯೋ, ಅಡಿಗಲ್ಲೋ? ಸುತ್ತಿಗೆಯಾದರೆ ಏಳುತ್ತ ಬೀಳುತ್ತ ಇರುವ ವಸ್ತುವು ನಿರ್ವಿಕಾರಕ್ಕೆ ದೃಷ್ಟಾಂತವಾಗುವುದು ಹೇಗೆ?” ಎಂದು ಕೇಳಿದನು. ವ್ಯಾಕರಣದ ಎರಡು ಸೂತ್ರಗಳನ್ನು ಹೇಳಿ ಅವನನ್ನು ಕುಳ್ಳಿರಿಸಿದೆನೇ ಹೊರತು ಉತ್ತರವನ್ನು ಕೊಡಲಿಲ್ಲ. ಆ ಉತ್ತರವು ದೊರೆತುದು ಗ್ರಂಥದಲ್ಲಿ ಅಲ್ಲ. ಹೊಸನಗರದ ಸೀಮೆಯ ಒಂದು ಕಮ್ಮಾರಸಾಲೆಯಲ್ಲಿ. ಅಲ್ಲಿ ಕಂಡುದನ್ನೂ, ಅದರಿಂದ ಶಬ್ದವಿಚಾರಕ್ಕೆ ದೊರೆತುದನ್ನೂ ವಿದ್ವಾಂಸರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

೧. ಸೀಮೆ ಮತ್ತು ಅದರ ಐತಿಹ್ಯಗಳು

ಶರಾವತೀನದಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರದ ಸೀಮೆಯನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗದ ಕಡೆಗೆ ಹರಿಯುವುದು. ಒಂದೇ ನದಿಯು ಪೋಣಿಸಿರುವ ಈ ಮೂರು ತಾಲ್ಲೂಕುಗಳ ಐತಿಹ್ಯಗಳಲ್ಲಿಯೂ ಕಬ್ಬಿಣವು ಕಾಣಿಸಿಕೊಳ್ಳುವುದು ಗಮನಾರ್ಹವಾಗಿದೆ. ಅಂಬುತೀರ್ಥವು ಶ್ರೀರಾಮನ ಬಾಣದಿಂದ ಉಂಟಾದುದೆಂದು ಪ್ರತೀತಿ. ತೀರ್ಥಹಳ್ಳಿಯಲ್ಲಿ ತುಂಗೆಯ ನೀರಿನಲ್ಲಿ ಪರಶುರಾಮನು ತನ್ನ ಕೊಡಲಿಯನ್ನು ತೊಳೆದಾಗ, ಎಲ್ಲಿಯೂ ಹೋಗದಿದ್ದ ರಕ್ತದ ಕಲೆಯು ಅಲ್ಲಿ ಹೋಯಿತೆಂದು ಹೇಳುವರು. ಎಳ್ಳಮಾವಾಸ್ಯೆಯ ಜಾತ್ರೆಗೆ ಬರುವವರು ಇಂದಿಗೂ ಆ ತೀರ್ಥದಲ್ಲಿ ಮುಳುಗುವರು. ಹೊಸನಗರ ತಾಲ್ಲೂಕಿನ ಹುಂಚವು ಸಾಂತರರ ರಾಜಧಾನಿಯಾದ ಪೊಂಬುಚ್ಚವು. ಪದ್ಮಾವತೀದೇವಿಯ ಅನುಗ್ರಹದಿಂದ ಜಿನದತ್ತನಿಗೆ ಅಲ್ಲಿ ಕಬ್ಬಿಣವು ಹೊನ್ನಾಯಿತೆಂಬ ಕಥೆಯು ಆ ಹೆಸರಿನೊಡನೆ ಅಂಟಿಕೊಂಡಿರುವುದು. ಸಾಗರದ ಬಳಿಯ ಕೆಳದಿಯಲ್ಲಿ ಚೌಡಪ್ಪನಿಗೆ ಹೊಲದಲ್ಲಿ ನಿಕ್ಷೇಪವು ದೊರೆತು ಅರಸುತನಕ್ಕೆ ಮೊದಲಾಯಿತೆಂಬುದು ಮತ್ತೊಂದು ಐತಿಹ್ಯ. ಹೀಗೆ ಬಾಣ, ಕೊಡಲಿ, ಹೊನ್ನಾದ ಕಬ್ಬಿಣ, ಹೊಲವನ್ನು ಉಳುವ ನೇಗಿಲು ಎಂಬ ನಾಲ್ಕು ವಸ್ತುಗಳ ಸುತ್ತ ಈ ನಾಡಿನ ಪೂರ್ವಸ್ಮೃತಿಯು ಹಬ್ಬಿದೆ. ಆ ಬಾಣವನ್ನೂ ಕೊಡಲಿಯನ್ನೂ ಕುಳವನ್ನೂ ತಟ್ಟಿದ ಕೈ ಯಾರದೆಂಬುದನ್ನು ಮಾತ್ರ ಯಾವ ಐತಿಹ್ಯವೂ ಹೇಳುವುದಿಲ್ಲ.

ಆ ಕೈಯಿಲ್ಲದೆ ಈ ಸೀಮೆಯ ಬಾಳು ನಡೆಯುವಂತಿರಲಿಲ್ಲ. ಆಗುಂಬೆ, ಹುಲಿಕಲ್ಲುಗಳ ಕಡೆ ವರ್ಷಕ್ಕೆ ೭೦೦೦ ಮಿಲಿಮೀಟರಿನಷ್ಟು ಮಳೆ ಬೀಳುವುದುಂಟು. ಅಂತಹ ನೆಲದಲ್ಲಿ ಬೇಸಾಯವೆಂದರೆ ಬೆಳೆಸುವುದಕ್ಕಿಂತ ಮೊದಲು ಕಡಿಯುವುದು. ಅಡಕೆಯ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ ಸೊಪ್ಪು ಬರಬೇಕು. ಅದಕ್ಕೆ ಬಾಗಿದ ಕತ್ತಿ ಬೇಕು. ಕಪ್ಪು ತೆಗೆಯಲು ಗುದ್ದಲಿ ಹಾರೆಗಳು, ಗದ್ದೆಗೆ ನೇಗಿಲ ಕುಳ, ಕೊಯ್ಲಿಗೆ ಕುಡುಗೋಲು, ಅಡಕೆಯನ್ನು ಸುಲಿಯಲು ಮಣೆಗೆ ಕೂರಿಸಿದ ಮೆಟ್ಟುಗತ್ತಿ, ಮನೆಯೊಳಗೆ ಈಳಿಗೆ, ಎಲೆಯ ತಟ್ಟೆಯಲ್ಲಿ ಅಡಕತ್ತರಿ—ಇವೆಲ್ಲವೂ ಒಂದೇ ಕುಲುಮೆಯಿಂದ ಬರುವಂತಹವು. ಮೆಟ್ಟುಗತ್ತಿಯ ಬಾಯಿ ಸ್ವಲ್ಪ ಮೊಂಡಾದರೆ ಸುಲಿಯುವವಳ ಬೆರಳಿಗೂ ಅಡಕೆಯ ಬೆಲೆಗೂ ಒಂದೇ ಸಲ ಪೆಟ್ಟು.

೨. ಕುಲುಮೆಯ ಸ್ವರೂಪ

ನಾನು ನೋಡಿದ ಸಾಲೆಯು ಜಂಬಿಟ್ಟಿಗೆಯ ಜಗಲಿಯ ಮೇಲೆ ಹೆಂಚು ಹೊದಿಸಿದ ಒಂದು ಮಾಡು. ಹೊರಗಿನಿಂದ ಬಂದವನಿಗೆ ಮೊದಲು ಕತ್ತಲೆಯೇ ಕಾಣುವುದು. ಬಡತನದಿಂದ ಕಿಟಕಿ ಇಡಲಿಲ್ಲವೆಂದು ತಿಳಿದು, “ಆಚಾರ್ರೇ, ಮಾಡಿಗೆ ಒಂದು ಗಾಜಿನ ಹೆಂಚನ್ನಾದರೂ ಹಾಕಿಸಬಾರದೆ?” ಎಂದೆನು. ಆ ವೃದ್ಧನು ನಕ್ಕು, “ಬೆಳಕು ಬಂದರೆ ಕಾವು ಕಾಣುವುದಿಲ್ಲ, ಭಟ್ರೇ” ಎಂದನು. ಮಲೆನಾಡಿನಲ್ಲಿ ಕಮ್ಮಾರನನ್ನು ಆಚಾರಿಯೆಂದು ಕರೆಯುವರು. ಆಚಾರ್ಯಶಬ್ದದ ತದ್ಭವವಾದ ಆ ಸಂಬೋಧನೆಯು ಎಷ್ಟು ಸಾರ್ಥಕವೆಂಬುದು ನನಗೆ ಆ ಒಂದು ಮಾತಿನಿಂದ ತಿಳಿಯಿತು.

ಆ ಮಾತಿನ ತಾತ್ಪರ್ಯವಿದು. ಕಮ್ಮಾರನಿಗೆ ಉಷ್ಣಮಾಪಕವೆಂದರೆ ಕಣ್ಣೇ. ಕಬ್ಬಿಣವು ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿನ ಮೇಲೆ ಮಂದವಾದ ಕೆಂಪನ್ನೂ, ೮೦೦ರ ಹತ್ತಿರ ಹಣ್ಣಿನ ಕೆಂಪನ್ನೂ, ೧೦೦೦ ಮುಟ್ಟುವಾಗ ಕಿತ್ತಳೆಯ ಬಣ್ಣವನ್ನೂ, ಅದರಾಚೆಗೆ ಹಳದಿಯನ್ನೂ, ೧೩೦೦ರಲ್ಲಿ ಬೆಸುಗೆಗೆ ಬೇಕಾದ ಬಿಳುಪನ್ನೂ ತಾಳುವುದು. ಬಿಸಿಲಿನಲ್ಲಿ ಈ ಭೇದಗಳು ಕಣ್ಣಿಗೆ ಹತ್ತುವುದಿಲ್ಲ. ಆದುದರಿಂದ ಸಾಲೆಯ ಕತ್ತಲೆಯು ಒಂದು ಕೊರತೆಯಲ್ಲ; ಅದೊಂದು ಉಪಕರಣ.

ಮಿಕ್ಕ ಉಪಕರಣಗಳೂ ಹೀಗೆಯೇ. ಒಲೆಗೂ ಅಡಿಗಲ್ಲಿಗೂ ನಡುವೆ ಒಂದು ತಿರುವಿನಷ್ಟೇ ಅಂತರ. ಆಚಾರಿಯು ಕುಳಿತಲ್ಲಿಂದ ಏಳದೆ ಇಕ್ಕಳದಲ್ಲಿ ಹಿಡಿದುದನ್ನು ಬೆಂಕಿಯಿಂದ ತೆಗೆದು ಅಡಿಗಲ್ಲಿನ ಮೇಲಿಡುವನು. ಅಡಿಗಲ್ಲು ಮತ್ತಿಮರದ ಬುಡದಲ್ಲಿ ನಾಟಿರುವುದು. ಎಡಕ್ಕೆ ನೀರಿನ ಮರಿಗೆ. ಬಲಕ್ಕೆ ಸುತ್ತಿಗೆಗಳು ತೂಕದ ಕ್ರಮದಲ್ಲಿ. ಗೋಡೆಯ ಮೇಲೆ ಬಾಯಿಯ ಆಕಾರಕ್ಕೆ ತಕ್ಕಂತೆ ಸಾಲಾಗಿ ತೂಗಿದ ಇಕ್ಕಳಗಳು. ಎದುರಿಗೆ ಚಮ್ಮಟಿಗೆ ಹಿಡಿದವನು ನಿಲ್ಲಲು ಕಾಲಿನಿಂದ ತಗ್ಗಾದ ಎರಡು ಗುರುತುಗಳು. ಬೆಂಕಿಯಿಂದ ಹೊರಬಂದ ಕ್ಷಣದಿಂದಲೇ ಕಬ್ಬಿಣವು ಆರತೊಡಗುವುದು. ಆದುದರಿಂದ ಇಲ್ಲಿ ದೂರವನ್ನು ಮೊಳದಿಂದ ಅಳೆದಿಲ್ಲ, ಕಬ್ಬಿಣದ ಕೆಂಪು ಉಳಿಯುವ ಕಾಲದಿಂದ ಅಳೆದಿದೆ.

ಒಲೆಯ ಹಿಂದೆ ತಿದಿ. ಹಿಂದೆ ಎರಡು ಚರ್ಮದ ಚೀಲಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಿದ್ದರು. ಒಂದು ಉಸಿರನ್ನು ಬಿಡುವಾಗ ಮತ್ತೊಂದು ಎಳೆದುಕೊಳ್ಳುವುದರಿಂದ ಗಾಳಿಯು ಕಡಿಯದೆ ಬರುತ್ತಿದ್ದಿತು. ಈಗ ಈ ಸಾಲೆಯಲ್ಲಿಯೂ ವಿದ್ಯುತ್ತಿನಿಂದ ತಿರುಗುವ ಚಕ್ರವು ಗಾಳಿಯನ್ನು ಊದುವುದು. ಹಳೆಯ ತಿದಿಯು ತೊಲೆಗೆ ತೂಗುಬಿದ್ದಿದೆ. ಆಯುಧಪೂಜೆಯ ದಿನ ಅದಕ್ಕೂ ಕುಂಕುಮ ಹೂವುಗಳು ಸಲ್ಲುವುವು.

೩. ಕುಲುಮೆಯ ಶಬ್ದಗಳು

ಈ ವಸ್ತುಗಳ ಹೆಸರುಗಳನ್ನು ಪರಿಶೀಲಿಸಿದರೆ ಒಂದು ವಿಶೇಷವು ಕಂಡುಬರುವುದು. ಕಮ್ಮಾರನೆಂಬ ಹೆಸರು ಸಂಸ್ಕೃತದ ‘ಕರ್ಮಾರ’ವು ಪ್ರಾಕೃತದ ಮೂಲಕ ಬಂದುದು. ಕರ್ಮಾರನು ಬಹು ಪ್ರಾಚೀನನು. ಋಗ್ವೇದದ ಹತ್ತನೆಯ ಮಂಡಲದ ೭೨ನೆಯ ಸೂಕ್ತದಲ್ಲಿ ದೇವತೆಗಳ ಜನ್ಮವನ್ನು ವರ್ಣಿಸುವಾಗ ಬ್ರಹ್ಮಣಸ್ಪತಿಗೆ ಕರ್ಮಾರನ ಉಪಮಾನವಿದೆ. ಒಂಬತ್ತನೆಯ ಮಂಡಲದ ೧೧೨ನೆಯ ಸೂಕ್ತದಲ್ಲಿ ಒಣಗಿದ ಗಿಡ, ಹಕ್ಕಿಯ ಗರಿ, ಕಲ್ಲು ಇವುಗಳೊಡನೆ ಅವನು ಧನವಂತನನ್ನು ಅರಸುವನು. ಅಮರಸಿಂಹನು ಅವನನ್ನು ವ್ಯೋಕಾರ, ಲೋಹಕಾರಕ ಎಂದು ಹೇಳಿ, ತಿದಿಗೆ ಭಸ್ತ್ರಾ, ಚರ್ಮಪ್ರಸೇವಿಕಾ ಎಂಬ ಹೆಸರುಗಳನ್ನು ಕೊಡುವನು.

ಆದರೆ ನಮ್ಮ ಆಚಾರಿಯ ಬಾಯಲ್ಲಿ ಭಸ್ತ್ರೆಯೂ ಇಲ್ಲ, ಸಂದಂಶವೂ ಇಲ್ಲ. ಕುಲುಮೆ, ತಿದಿ, ಇಕ್ಕಳ, ಸುತ್ತಿಗೆ, ಚಮ್ಮಟಿಗೆ, ಉಳಿ, ಅರ, ಇದ್ದಲು—ಎಲ್ಲವೂ ದೇಶ್ಯಗಳು. ಕುಲುಮೆಗೆ ತೆಲುಗಿನ ಕೊಲಿಮಿಯೂ, ಕಮ್ಮಾರನೆಂಬ ಅರ್ಥದ ತಮಿಳಿನ ಕೊಲ್ಲನೂ ಜ್ಞಾತಿಗಳು. ಉಳಿಯೂ ಅರವೂ ತಮಿಳಿನಲ್ಲಿ ಉಳಿ, ಅರಂ ಎಂದೇ ಇವೆ. ಕಬ್ಬಿಣವೆಂಬುದರ ಹಳೆಯ ರೂಪ ಕರ್ಬುನ. ಅದು ‘ಕರಿಯ ಪೊನ್’ ಎಂಬುದರಿಂದ ಬಂದುದೆಂಬುದಕ್ಕೆ ತಮಿಳಿನ ಕರುಂಪೊನ್ ಎಂಬ ಶಬ್ದವು ಸಾಕ್ಷಿ. ಹುಂಚದಲ್ಲಿ ಕಬ್ಬಿಣವು ಹೊನ್ನಾಗುವುದಕ್ಕೆ ಬಹು ಹಿಂದೆಯೇ ಕನ್ನಡಿಗನು ಅದನ್ನು ಕರಿಯ ಹೊನ್ನೆಂದು ಕರೆದಿದ್ದನು. ಉಕ್ಕು ಎಂಬುದಂತೂ ಸಮುದ್ರವನ್ನು ದಾಟಿದ ಶಬ್ದ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ಪಂಡಿತನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ ಪ್ರಬಂಧದಲ್ಲಿ ಹಿಂದೂಸ್ಥಾನದ ಉಕ್ಕಿಗೆ ‘ವೂಟ್ಸ್’ ಎಂಬ ಹೆಸರಿದೆ. ಅದು ಉಕ್ಕು ಎಂಬುದರ ವಿಕಾರವೆಂದು ವಿದ್ವಾಂಸರಲ್ಲಿ ಬಹುಮತ. ಹೀಗೆ ಕೆಲಸಗಾರನ ಬಿರುದು ಆರ್ಯಭಾಷೆಯದಾದರೂ ಕೆಲಸದ ಮಾತುಗಳೆಲ್ಲ ದ್ರಾವಿಡವಾಗಿರುವುದರಿಂದ, ಬಿರುದು ಬರುವುದಕ್ಕೆ ಮೊದಲೇ ಕೆಲಸವು ಈ ನೆಲದಲ್ಲಿ ಬೇರೂರಿದ್ದಿತೆಂದು ಊಹಿಸುವುದು ಅಯುಕ್ತವಾಗಲಾರದು.

ನಾಮಪದಗಳಿಗಿಂತಲೂ ಕ್ರಿಯಾಪದಗಳು ಮುಖ್ಯ. ಕಾಸು, ತಟ್ಟು, ಬೆಸೆ, ಮಸೆ, ತಿದಿಯೊತ್ತು—ಇವುಗಳಿಲ್ಲದೆ ನಮ್ಮ ಕಾವ್ಯಭಾಷೆಯೇ ಇಲ್ಲ. ಮನಸ್ಸುಗಳು ಬೆಸೆದುಕೊಳ್ಳುವುದು, ಹಗೆತನವನ್ನು ಮಸೆಯುವುದು, ಇವೆಲ್ಲ ಸಾಲೆಯಿಂದ ಹೊರಟ ಲಕ್ಷಣಾಪ್ರಯೋಗಗಳು. ಹುಟ್ಟಿನಿಂದಲ್ಲ, ಮಾಡುವ ಕೆಲಸದಿಂದ ಹೆಸರೆಂಬ ತತ್ತ್ವವನ್ನು ಸ್ಥಾಪಿಸುವಾಗ ಬಸವಣ್ಣನವರು ಕಮ್ಮಾರನನ್ನು ಕಾಸುವ ಕ್ರಿಯೆಯಿಂದಲೇ ಗುರುತಿಸಿರುವುದನ್ನು ವಚನಗಳನ್ನು ಬೋಧಿಸುವವರೆಲ್ಲರೂ ಬಲ್ಲರು.

೪. ಹದ ಮತ್ತು ಪಾಯನ

ಕುಲುಮೆಯ ಶಬ್ದಗಳಲ್ಲಿ ರಾಜನೆನ್ನಬೇಕಾದುದು ‘ಹದ’. ಕತ್ತಿಯ ಆಕಾರವು ಮುಗಿದ ಮೇಲೆ ಆಚಾರಿಯು ಅದನ್ನು ಹಣ್ಣಿನ ಕೆಂಪಿಗೆ ಕಾಸಿ, ಬಾಯಿಯ ಅಂಚನ್ನು ಮಾತ್ರ ನೀರಿಗೆ ಮುಟ್ಟಿಸಿ ತೆಗೆದನು. ಕಲ್ಲಿನಿಂದ ಉಜ್ಜಿ ಬೆಳಗಿಸಿ ಸುಮ್ಮನೆ ನೋಡುತ್ತ ಕುಳಿತನು. ಬೆನ್ನಿನಲ್ಲಿ ಉಳಿದಿದ್ದ ಕಾವು ಮೆಲ್ಲಗೆ ಬಾಯಿಯ ಕಡೆಗೆ ಹರಿಯಿತು. ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣವು ಮೂಡಿತು. ಅದರ ಹಿಂದೆ ಕಂದು, ಕಂದಿನ ಹಿಂದೆ ನೇರಳೆ, ಕಡೆಗೆ ನೀಲಿ ಸಾಲಾಗಿ ಬರುತ್ತಿದ್ದವು. ಒಣಹುಲ್ಲಿನ ಬಣ್ಣವು ಅಂಚನ್ನು ಮುಟ್ಟಿದ ಒಡನೆಯೇ ಇಡೀ ಕತ್ತಿಯನ್ನು ಮುಳುಗಿಸಿದನು. ಆ ಬಣ್ಣವು ಸುಮಾರು ೨೨೦ರಿಂದ ೨೩೦ ಡಿಗ್ರಿಯದು. ನೀಲಿಯು ೩೦೦ರ ಹತ್ತಿರದ್ದು. ಮೊದಲ ಮುಳುಗಿನಿಂದ ಉಕ್ಕು ಬಹಳ ಗಡಸಾಗುವುದು, ಆದರೆ ಗಾಜಿನಂತೆ ಸಿಡಿಯುವುದು. ಅನಂತರದ ಈ ಅಲ್ಪವಾದ ಕಾವಿನಿಂದ ಗಡಸುತನದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟು ತಾಳಿಕೆಯನ್ನು ಪಡೆಯುವುದು. ಎರಡು ಉಸಿರಿನಷ್ಟು ತಡವಾದರೆ ಬಾಯಿ ಮೆತ್ತಗಾಗುವುದು. “ಹದ ತಪ್ಪಿದರೆ ಕತ್ತಿ ಬೈಯುವುದಿಲ್ಲ, ಕತ್ತಿ ಹಿಡಿದವಳು ಬೈಯುತ್ತಾಳೆ” ಎಂದನು ಆಚಾರಿ.

ಈ ಕ್ರಿಯೆಗೆ ಸಂಸ್ಕೃತದಲ್ಲಿ ‘ಪಾಯನ’ ಎಂದು ಹೆಸರು. ಉಕ್ಕಿಗೆ ಕುಡಿಸುವುದೆಂದು ಅಭಿಪ್ರಾಯ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಎಂಟನೆಯ ಅಧ್ಯಾಯವು ೨೦ ಶಸ್ತ್ರಗಳನ್ನು ಹೇಳಿ, ಅವುಗಳನ್ನು ಕುಶಲನಾದ ಕರ್ಮಾರನಿಂದಲೇ ಮಾಡಿಸಬೇಕೆಂದು ವಿಧಿಸಿ, ಪಾಯನವು ಕ್ಷಾರ, ಉದಕ, ತೈಲಗಳೆಂದು ಮೂರು ವಿಧವೆಂದೂ, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಪಾಯನವೆಂದೂ ತಿಳಿಸುವುದು. ವರಾಹಮಿಹಿರನ ಬೃಹತ್ಸಂಹಿತೆಯ ಖಡ್ಗಲಕ್ಷಣದಲ್ಲಿಯೂ ಈ ವಿಚಾರವಿದೆ. ಇದು ಕೇವಲ ಆಚಾರವಲ್ಲ. ನೀರು ಕಾವನ್ನು ಬೇಗ ಎಳೆದುಕೊಳ್ಳುವುದರಿಂದ ಗಡಸುತನ ಹೆಚ್ಚು. ಎಣ್ಣೆಯು ನಿಧಾನವಾಗಿ ಎಳೆಯುವುದರಿಂದ ಬಿರುಕಿನ ಭಯ ಕಡಮೆ. ನಮ್ಮ ಆಚಾರಿಯು ಕೊಡಲಿಗೆ ನೀರನ್ನೂ ತೆಳುವಾದ ಬಾಯಿಯ ಕತ್ತಿಗಳಿಗೆ ಕೆಲವೊಮ್ಮೆ ಎಣ್ಣೆಯನ್ನೂ ಬಳಸುವನು. ಅವನು ಸುಶ್ರುತನ ಹೆಸರನ್ನು ಕೇಳಿದವನಲ್ಲ. ಸುಶ್ರುತನ ಆ ಅಧ್ಯಾಯವನ್ನು ನಾನು ಓದಿದ್ದೆನಾದರೂ ಅದರ ಅರ್ಥವು ತಿಳಿದುದು ಅವನ ಮರಿಗೆಯ ಬಳಿಯಲ್ಲಿ.

ಆಲಂಕಾರಿಕರು ಕಾವ್ಯಪರಿಣತಿಗೆ ‘ಪಾಕ’ವೆಂಬ ಶಬ್ದವನ್ನು ಬಳಸಿ, ರಾಜಶೇಖರನಂತಹವರು ಅದನ್ನು ಹಣ್ಣುಗಳ ಹೆಸರಿನಿಂದ ವಿಭಾಗಿಸಿರುವರು. ಕನ್ನಡದ ‘ಹದ’ವು ಅದಕ್ಕಿಂತ ವ್ಯಾಪಕವಾದುದು. ಮಣ್ಣಿಗೂ, ಬೆಲ್ಲದ ಪಾಕಕ್ಕೂ, ಉಕ್ಕಿಗೂ, ಮಾತಿಗೂ ಅದೊಂದೇ ಶಬ್ದ ಸಲ್ಲುವುದು. ಹೆಚ್ಚೂ ಅಲ್ಲದ ಕಡಮೆಯೂ ಅಲ್ಲದ, ಒಂದೇ ಕ್ಷಣ ನಿಲ್ಲುವ, ಬಲ್ಲವನಿಗೆ ಮಾತ್ರ ಕಾಣುವ ಸ್ಥಿತಿಯೇ ಹದ. ವಿಮರ್ಶೆಯ ಪರಿಭಾಷೆಗಾಗಿ ದೂರ ಹುಡುಕುವವರು ಈ ಶಬ್ದವನ್ನು ಪರಿಶೀಲಿಸಬಹುದು.

೫. ಕೂಟಸ್ಥವಿಚಾರ

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಅಮರಕೋಶದ ನಾನಾರ್ಥವರ್ಗದಲ್ಲಿ ಕೂಟಶಬ್ದಕ್ಕೆ ಮಾಯೆ, ನಿಶ್ಚಲ, ರಾಶಿ, ಶೈಲಶೃಂಗ, ಸೀರಾಂಗ ಮುಂತಾದ ಅರ್ಥಗಳ ಜೊತೆಗೆ ‘ಅಯೋಘನ’ವೆಂಬ ಅರ್ಥವೂ ಇದೆ. ಅಯೋಘನಶಬ್ದವು ಪಾಣಿನಿಯ ೩-೩-೮೨ನೆಯ ಸೂತ್ರದಿಂದ ಕರಣಾರ್ಥದಲ್ಲಿ ಸಿದ್ಧಿಸುವುದು. ಎಂದರೆ ಯಾವುದರಿಂದ ಕಬ್ಬಿಣವನ್ನು ಹೊಡೆಯುವರೋ ಅದು, ಸುತ್ತಿಗೆ. ಆದರೆ ಪಾಠ ಹೇಳುವವರು ಕೂಟವೆಂದರೆ ಅಡಿಗಲ್ಲೆಂದೇ ವಿವರಿಸುವರು. ವಿದ್ಯಾರಣ್ಯರ ಪಂಚದಶಿಯಲ್ಲಿ ಎಂಟನೆಯ ಪ್ರಕರಣಕ್ಕೆ ಕೂಟಸ್ಥದೀಪವೆಂದೇ ಹೆಸರು. ಕೂಟದಂತೆ ವಿಕಾರವಿಲ್ಲದೆ ಇರುವುದರಿಂದ ಕೂಟಸ್ಥವೆಂಬ ನಿರ್ವಚನವು ಆರನೆಯ ಪ್ರಕರಣದಲ್ಲಿದೆ. ಹಾಗಾದರೆ ಯಾವ ಕೂಟ?

ಕುಲುಮೆಯಲ್ಲಿ ಕುಳಿತು ನೋಡಿದರೆ ಮೂರು ಕಬ್ಬಿಣಗಳು ಕಾಣುವುವು. ಮೇಲೆ ಸುತ್ತಿಗೆ, ನಡುವೆ ಕಾದ ಪಿಂಡ, ಕೆಳಗೆ ಅಡಿಗಲ್ಲು. ಪಿಂಡವು ಪ್ರತಿಯೊಂದು ಪೆಟ್ಟಿಗೂ ಬೇರೊಂದು ಆಕಾರವನ್ನು ಹೊಂದುವುದು. ಸುತ್ತಿಗೆಯು ಚಲಿಸುವುದು, ಆದರೆ ಆಕಾರವು ಬದಲಾಗದು. ಅಡಿಗಲ್ಲು ಚಲಿಸುವುದೂ ಇಲ್ಲ, ಬದಲಾಗುವುದೂ ಇಲ್ಲ. ಚಲನೆಯು ಬೇರೆ, ವಿಕಾರವು ಬೇರೆ ಎಂಬುದೇ ವಿದ್ಯಾರ್ಥಿಯ ಪ್ರಶ್ನೆಗೆ ಮೊದಲ ಉತ್ತರ. ನಿರ್ವಿಕಾರತ್ವವಷ್ಟೇ ವಿವಕ್ಷಿತವಾದರೆ ಎರಡು ಅರ್ಥಗಳೂ ಹೊಂದುವುವು; ಆದುದರಿಂದ ಕೋಶಕ್ಕೂ ವೇದಾಂತಕ್ಕೂ ವಿರೋಧವಿಲ್ಲ.

ಆದರೆ ವಿದ್ಯಾರಣ್ಯರಿಗೆ ಕೂಟಸ್ಥವು ನಿರ್ವಿಕಾರಮಾತ್ರವಲ್ಲ. ಅದು ದೇಹದ್ವಯಕ್ಕೆ ಅಧಿಷ್ಠಾನವಾದ ಚೈತನ್ಯ. ಅಧಿಷ್ಠಾನತ್ವವು ಸುತ್ತಿಗೆಗೆ ಸಲ್ಲದು. ಅಡಿಗಲ್ಲಿಲ್ಲದ ಕಡೆ ಸುತ್ತಿಗೆಯ ಪೆಟ್ಟು ವ್ಯರ್ಥವಾಗುವುದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಮೆತ್ತನೆಯ ನೆಲದ ಮೇಲಿಟ್ಟು ಹೊಡೆದ ಕಬ್ಬಿಣವು ನೆಲದಲ್ಲಿ ಹೂಳುವುದೇ ಹೊರತು ಕತ್ತಿಯಾಗದು. ತಾನು ಏನನ್ನೂ ಮಾಡದೆ ಇದ್ದು, ತಾನಿಲ್ಲದೆ ಏನೂ ಆಗದಂತಿರುವುದೇ ಅಡಿಗಲ್ಲಿನ ಸ್ವಭಾವ. ಆದುದರಿಂದ ಸಂಪ್ರದಾಯದವರು ಅಡಿಗಲ್ಲನ್ನು ಹಿಡಿದುದೇ ಸಾಧುವಾದುದು. ಕನ್ನಡದ ಹಳೆಯ ರೂಪ ‘ಅಡೆಗಲ್’; ಅಡೆಯೆಂದರೆ ಆಧಾರ. ಸಂಸ್ಕೃತದ ಕೂಟಶಬ್ದವು ಬಾಯಿಬಿಟ್ಟು ಹೇಳದುದನ್ನು ಕನ್ನಡದ ಹೆಸರೇ ಹೇಳುತ್ತಿದೆ. ಕಬ್ಬಿಣದ್ದಾದರೂ ಅದಕ್ಕೆ ಕಲ್ಲೆಂದೇ ಹೆಸರು ಉಳಿದಿರುವುದು, ಅದು ನಿಜವಾಗಿ ಕಲ್ಲಾಗಿದ್ದ ಕಾಲದ ನೆನಪಾಗಿರಬೇಕು.

ಈ ದೃಷ್ಟಾಂತವನ್ನು ಸಂತೋಷದಿಂದ ಆಚಾರಿಗೆ ಹೇಳಿದೆನು. ಆತನು ಅಡಿಗಲ್ಲಿನ ನಡುವೆ ಅಂಗೈ ಇಟ್ಟು ತೋರಿಸಿ, “ಸವೆಯದೆ ಏನು, ಭಟ್ರೇ? ಅಜ್ಜನ ಕಾಲದ್ದು. ಇಲ್ಲಿ ತಗ್ಗಾಗಿದೆ ನೋಡಿ” ಎಂದನು. ಕೈಯಿಟ್ಟು ನೋಡಿದೆನು, ಮೂರು ತಲೆಮಾರಿನ ಪೆಟ್ಟುಗಳು ನುಣ್ಣನೆಯ ಒಂದು ತಗ್ಗಾಗಿದ್ದವು. ದೃಷ್ಟಾಂತವು ಯಾವಾಗಲೂ ಏಕದೇಶಿಯೆಂದು ಶಾಸ್ತ್ರವೇ ಹೇಳಿದೆ. ಎಷ್ಟರ ಮಟ್ಟಿಗೆ ಏಕದೇಶಿಯೆಂಬುದನ್ನು ಮಾತ್ರ ಅಂದು ಬೆರಳಿನಿಂದ ತಿಳಿದೆನು.

೬. ಸೌಂದರ್ಯವಿಚಾರ

ಈ ಸಾಲೆಯಲ್ಲಿ ಇಕ್ಕೇರಿಯ ಅಘೋರೇಶ್ವರ ದೇವಾಲಯದಲ್ಲಿರುವಂತಹ ಕೆತ್ತನೆ ಇಲ್ಲ. ಆದರೂ ಅದನ್ನು ಸುಂದರವೆನ್ನದಿರಲು ಮನಸ್ಸು ಒಪ್ಪಲಿಲ್ಲ. ಏತರಿಂದ ಸುಂದರ? ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು; ಯಾವುದು ಯಾವುದಕ್ಕೆ ತಕ್ಕುದೋ ಅದು ಉಚಿತ, ಅದರ ಭಾವವೇ ಔಚಿತ್ಯ. ಕತ್ತಲೆಯು ಕಣ್ಣಿಗೆ ತಕ್ಕುದು, ಅಂತರವು ಕಾವಿಗೆ ತಕ್ಕುದು, ಇಕ್ಕಳದ ಬಾಯಿ ಹಿಡಿಯಬೇಕಾದುದಕ್ಕೆ ತಕ್ಕುದು. ಒಂದನ್ನು ಕಿತ್ತು ಬೇರೆಡೆ ಇಟ್ಟರೆ ಕೆಲಸವು ಕೆಡುವುದು. ಅಲಂಕಾರವನ್ನು ತೆಗೆದರೂ ನಿಲ್ಲುವ ಚೆಲುವು ಔಚಿತ್ಯದ್ದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾವ್ಯಗಳಲ್ಲಿಯೂ ವಿರಳವಾಗಿ ಕಂಡಿರುವೆನು.

೭. ಉಪಸಂಹಾರ

ಕಾಲವು ಈ ಸಾಲೆಗಳನ್ನು ಮುಟ್ಟದೆ ಬಿಟ್ಟಿಲ್ಲ. ಬೆಂಕಿಪುರವೆಂಬ ಹಳೆಯ ಹೆಸರುಳ್ಳ ಭದ್ರಾವತಿಯಲ್ಲಿ ೧೯೨೩ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆಯು ಹೊತ್ತಿದಾಗ, ಅದಕ್ಕೂ ಮಲೆನಾಡಿನ ಕಾಡಿನ ಇದ್ದಲೇ ಆಹಾರವಾಯಿತು. ಈಗ ಆಚಾರಿಯು ಲಾರಿಯ ಅಡಿಯಲ್ಲಿ ಸವೆದ ಉಕ್ಕಿನ ಪಟ್ಟಿಯನ್ನು ಕಡಿದು ಕತ್ತಿ ಮಾಡುವನು. ಉಕ್ಕು ಒಳ್ಳೆಯದೇ ಎನ್ನುವನು. ಸಂತೆಯಲ್ಲಿ ಯಂತ್ರದಿಂದ ಒತ್ತಿದ ಕತ್ತಿಗಳು ಅಗ್ಗವಾಗಿ ದೊರೆಯುವುವು. ಅವನ ಮಗನು ಪಟ್ಟಣದಲ್ಲಿದ್ದಾನೆ. ಚಮ್ಮಟಿಗೆ ಹಿಡಿಯಲು ನೆರೆಯವನೊಬ್ಬನು ಬಿಡುವಾದಾಗ ಬರುವನು. ಇದಕ್ಕಾಗಿ ಯಾರನ್ನೂ ದೂಷಿಸುವಂತಿಲ್ಲ. ಮಗನು ಸುಖವಾಗಿರುವುದನ್ನು ತಂದೆಯು ಹೆಮ್ಮೆಯಿಂದಲೇ ಹೇಳಿದನು.

ಆದರೆ ತಿದಿಯು ತೊಲೆಗೆ ಏರಿದ ಮೇಲೆ ‘ತಿದಿಯೊತ್ತು’ ಎಂಬುದು ನಾಲಗೆಯಿಂದ ಇಳಿದು ಅಡಿಟಿಪ್ಪಣಿಗೆ ಹೋಗುವುದು. ೧೮೯೪ರಲ್ಲಿ ಕಿಟ್ಟೆಲರು ಪ್ರಕಟಿಸಿದ ನಿಘಂಟೂ, ಎಂಟು ಸಂಪುಟಗಳಲ್ಲಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟೂ ಬಹುವಾಗಿ ಸಂಗ್ರಹಿಸಿವೆ; ಆದರೂ ಒಂದೊಂದು ಸಾಲೆಯಲ್ಲಿ ಒಂದೊಂದು ಇಕ್ಕಳಕ್ಕಿರುವ ಹೆಸರು, ಒಂದೊಂದು ಪೆಟ್ಟಿಗಿರುವ ಹೆಸರು, ಕಾವಿನ ಒಂದೊಂದು ಬಣ್ಣಕ್ಕಿರುವ ಹೆಸರು ಆ ಕೆಲಸಗಾರನ ಜೊತೆಯಲ್ಲಿಯೇ ಹೋಗುವಂತಹವು. ಹಳಗನ್ನಡವು ಕಬ್ಬಿಣದ ಕಡಲೆಯೆಂದು ವಿದ್ಯಾರ್ಥಿಗಳು ಹೇಳುವುದನ್ನು ನಾವು ಕೇಳುತ್ತಿರುವೆವು. ಆ ವಿದ್ಯಾರ್ಥಿಗಳನ್ನು ಒಂದು ದಿನ ಹತ್ತಿರದ ಕುಲುಮೆಗೆ ಕರೆದೊಯ್ದು, ವಸ್ತುವನ್ನು ತೋರಿಸಿ ಹೆಸರನ್ನು ಕೇಳಿಸಿ, ಹೆಸರಿನ ಜೊತೆಗೆ ಕ್ರಿಯೆಯನ್ನೂ ಬರೆದುಕೊಳ್ಳುವಂತೆ ಮಾಡಬೇಕೆಂದು ಉಪಾಧ್ಯಾಯಮಿತ್ರರಲ್ಲಿ ನನ್ನ ವಿಜ್ಞಾಪನೆ. ಮಳೆಗಾಲಕ್ಕೆ ಮುಂಚೆ, ಊರಿನವರು ಕತ್ತಿ ಗುದ್ದಲಿಗಳನ್ನು ತರುವ ದಿನಗಳಲ್ಲಿ, ಹೋಗುವುದು ಉತ್ತಮ.

ಹಿಂದೆ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿಯು ಈಗ ಎಲ್ಲಿಯೋ ಉಪಾಧ್ಯಾಯನಾಗಿರುವನೆಂದು ಕೇಳಿರುವೆನು. ಈ ಪತ್ರಿಕೆಯು ಅವನ ಕೈಗೆ ಬಿದ್ದರೆ, ತಡವಾಗಿಯಾದರೂ ಉತ್ತರವು ಸೇರಿತೆಂದು ತಿಳಿಯಲಿ. ಕೂಟವೆಂದರೆ ಅಡಿಗಲ್ಲು, ಅದು ಅಲ್ಪಸ್ವಲ್ಪ ಸವೆಯುವುದೂ ಉಂಟು.